ಪಾರ್ಟ್ ಟೂ ಆರ್ಡರ್‌ನಲ್ಲಿ ನಮ್ಮಪ್ಪ

ನಮ್ಮಪ್ಪನ ಬಗ್ಗೆ ಬರೆಯಬೇಕು ಅಂದರೆ ಮೊದಲು ಪಾರ್ಟ್ ಟೂ ಆರ್ಡರ್ ಅಂದರೆ ಏನು ಅಂತ ಹೇಳಬೇಕು. ಸೈನ್ಯದಲ್ಲಿ ಇದ್ದವರು, ಅವರ ಮನೆಯವರು ಬಿಟ್ಟರೆ ಬೇರೆಯವರು ಈ ಹೆಸರು ಕೇಳಿರುವುದು ಕಡಿಮೆ. ಜವಾನನ ಬದುಕಿನಲ್ಲಿ ಮದುವೆ, ಮಗು, ಬಡ್ತಿ, ವರ್ಗ ಹೀಗೆ ಏನೇ ಆದರೂ ಅವನ ಯೂನಿಟ್ ಅದನ್ನು ಒಂದು ಆದೇಶವಾಗಿ ಹೊರಡಿಸಿ ರೆಕಾರ್ಡ್ಸ್ ಆಫೀಸಿಗೆ ಕಳಿಸಬೇಕು. ಅದೇ ಪಾರ್ಟ್ ಟೂ ಆರ್ಡರ್. ಅದರಲ್ಲಿ ಬಂದದ್ದು ಮಾತ್ರ ಸರ್ವಿಸ್ ದಾಖಲೆಗೆ ಏರುತ್ತದೆ. ನೆಂಟರೆಲ್ಲ ಸೇರಿ ಮದುವೆ ಮಾಡಿಸಿದ್ದರೂ, ಆರ್ಡರ್ ಆಗದಿದ್ದರೆ ಸೈನ್ಯದ ಲೆಕ್ಕದಲ್ಲಿ ಹುಡುಗ ಇನ್ನೂ ಬ್ರಹ್ಮಚಾರಿಯೇ.

ಅಪ್ಪನ ಮದುವೆ ಆಗಿದ್ದು 1975ರಲ್ಲಿ. ರಜೆ ಮುಗಿಸಿ ಯೂನಿಟ್‌ಗೆ ಹೋದವರೇ ಅರ್ಜಿ ಕೊಡಲು ಕೂತರಂತೆ. ಅಮ್ಮನಿಗೆ ಮನೆಯಲ್ಲಿ ಕರೆಯುವ ಹೆಸರೊಂದು, ಶಾಲೆಯ ದಾಖಲೆಯಲ್ಲಿ ಇರುವ ಹೆಸರು ಇನ್ನೊಂದು. ಯಾವುದನ್ನು ಬರೆಸುವುದು? ಅಪ್ಪ ಮಾವನಿಗೆ ಕಾಗದ ಬರೆದು ಶಾಲೆಯ ಸರ್ಟಿಫಿಕೇಟ್ ತರಿಸಿಕೊಂಡರು. ಅದರಲ್ಲಿ ಇದ್ದ ಹೆಸರನ್ನೇ ಒಂದಕ್ಷರವೂ ಬದಲಾಗದಂತೆ ಬರೆಸಿದರು. ಹೊಸ ಅಳಿಯ ಮಾವನಿಗೆ ಬರೆದ ಮೊದಲ ಕಾಗದ ಅದು. ಹೆಂಡತಿ ಹೇಗಿದ್ದಾಳೆ ಅಂತ ಒಂದು ಮಾತು ಕೇಳದೆ ಸರ್ಟಿಫಿಕೇಟ್ ಕೇಳಿದ್ದಾನಲ್ಲ, ಇವನೆಂಥವನು ಅಂತ ತಾತ ಬೇಜಾರು ಮಾಡಿಕೊಂಡಿದ್ದರಂತೆ. ಅಮ್ಮ ಇವತ್ತಿಗೂ ಇದನ್ನು ಹೇಳಿಕೊಂಡು ನಗುತ್ತಾಳೆ.

ಹೋದ ವರ್ಷ ಅಪ್ಪ ತೀರಿಕೊಂಡಾಗ ಬಂದವರೆಲ್ಲ ದೇಶಸೇವೆಯ ಮಾತಾಡಿದರು. ಕೆಲವರು, ಸೈನಿಕನಾಗಿದ್ದರೂ ಸಂಸಾರವನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು ಅಂದರು. ಆ 'ಆಗಿದ್ದರೂ' ನನಗೆ ಸರಿ ಕಾಣಲಿಲ್ಲ. ಅವರ ಸೈನಿಕತನ ಒಂದು ಕಡೆ, ಸಂಸಾರ ಇನ್ನೊಂದು ಕಡೆ ಅಂತ ಇರಲೇ ಇಲ್ಲ. ಪ್ರೀತಿಯನ್ನೂ ಅವರು ಸೈನ್ಯ ಕಲಿಸಿದ ರೀತಿಯಲ್ಲೇ ಮಾಡಿದರು. ಕಾಗದದಲ್ಲಿ, ನಂಬರ್ ಹಾಕಿ, ಒಂದು ನಕಲು ಇಟ್ಟುಕೊಂಡು.

ಅಪ್ಪ ಸೇರಿದ್ದು 1967ರಲ್ಲಿ, ಹದಿನೆಂಟು ವರ್ಷಕ್ಕೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿ. ಬೆಂಗಳೂರಿನಲ್ಲಿ ಹಲಸೂರು ಕೆರೆ ಪಕ್ಕದಲ್ಲಿ ಇದರ ಸೆಂಟರ್ ಇದೆ. 1780ರಲ್ಲಿ ಶುರುವಾದ ಹಳೇ ಪಡೆ. ಹೊರಗಿನವರು ಮದ್ರಾಸ್ ಸ್ಯಾಪರ್ಸ್ ಅನ್ನುತ್ತಾರೆ, ಸೈನ್ಯದೊಳಗೆ ಇವರಿಗೆ 'ತಂಬಿ' ಅಂತ ಅಡ್ಡಹೆಸರು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಮೈನ್ ಅಂದರೆ ನೆಲಬಾಂಬ್ ಹೂಳುವುದು, ಮೈನ್ ತೆಗೆಯುವುದು ಸ್ಯಾಪರ್‌ಗಳ ಕೆಲಸ. ಕಾಲಾಳುಗಳೂ ಟ್ಯಾಂಕುಗಳೂ ಮುಂದೆ ಹೋಗಬೇಕು ಅಂದರೆ ಇವರು ಅದಕ್ಕೂ ಮೊದಲೇ ಹೋಗಿ ನೆಲದ ಮೇಲೆ ಮಲಗಿರಬೇಕು.

1971ರ ಪಾಕಿಸ್ತಾನದ ಯುದ್ಧದಲ್ಲಿ ಅಪ್ಪ ಪಶ್ಚಿಮದ ಗಡಿಯಲ್ಲಿ, ಶಕರ್‌ಗಢದ ಕಡೆ ಇದ್ದರು. ಬಸಂತರ್ ನದಿಯ ಕದನ ಅಂದರೆ ಎಲ್ಲರಿಗೂ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನೆನಪಾಗುತ್ತವೆ. ಡಿಸೆಂಬರ್ 16ರಂದು ಟ್ಯಾಂಕಿನೊಳಗೇ ಪ್ರಾಣ ಬಿಟ್ಟ, ಪರಮವೀರ ಚಕ್ರ ಪಡೆದ ಇಪ್ಪತ್ತೊಂದು ವರ್ಷದ ಅರುಣ್ ಖೇತರ್‌ಪಾಲ್ ನೆನಪಾಗುತ್ತಾರೆ. ನೆನಪಾಗಲೇಬೇಕು. ಆ ಟ್ಯಾಂಕುಗಳು ನದಿ ದಾಟಿ ಆಚೆ ಹೋಗಲು ಮೈನ್ ತೆಗೆದ ದಾರಿ ಬೇಕಿತ್ತು. ಆ ದಾರಿ ಮಾಡುತ್ತಿದ್ದವರು ಸ್ಯಾಪರ್‌ಗಳು. ಕೆಲಸ ಪೂರ್ತಿ ಮುಗಿಯುವ ಮುಂಚೆಯೇ ಟ್ಯಾಂಕುಗಳು ನುಗ್ಗಬೇಕಾಯಿತು, ನುಗ್ಗಿದವು. ಅಪ್ಪ ಅದೇ ಕದನದಲ್ಲಿ ಇದ್ದರೋ, ಪಕ್ಕದ ಸೆಕ್ಟರ್‌ನಲ್ಲೋ ಅಂತ ಯಾರಾದರೂ ಕೇಳಿದರೆ, "ಮೈನ್ ಎಲ್ಲಾ ಕಡೆ ಇತ್ತು" ಅಂತಷ್ಟೇ ಅನ್ನುತ್ತಿದ್ದರು.

ಹಾಗಂತ ಅವರು ಮಾತೇ ಆಡದ ಮನುಷ್ಯ ಅಂದುಕೊಳ್ಳಬೇಡಿ. ಮೈನ್ ಬಗ್ಗೆ ಕೇಳಿದರೆ ಮುಗಿಯುತ್ತಲೇ ಇರಲಿಲ್ಲ. ಟ್ಯಾಂಕ್ ಒಡೆಯುವ ಮೈನ್ ಮನುಷ್ಯನ ತೂಕಕ್ಕೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಅದನ್ನು ತೆಗೆಯಲು ಬರುವವನ ಕಾಲು ಹಾರಿಸಲು ಸುತ್ತಮುತ್ತ ಚಿಕ್ಕ ಮೈನ್‌ಗಳನ್ನು ಹೂತಿರುತ್ತಾರೆ. ಹುಡುಕುವಾಗ ಸಲಾಕೆಯನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು. ಆಗ ಮೈನ್‌ನ ಪಕ್ಕ ತಗಲುತ್ತದೆ, ತಲೆ ತಗಲುವುದಿಲ್ಲ. ತೆಗೆದ ದಾರಿಯ ಎರಡೂ ಕಡೆ ಬಿಳಿ ಟೇಪ್ ಕಟ್ಟಬೇಕು. ಕತ್ತಲೆಯಲ್ಲಿ, ಮಂಜಿನಲ್ಲಿ, ಹಿಂದೆ ಬರುವವನಿಗೆ ಆ ಟೇಪೇ ದಿಕ್ಕು. ಇಷ್ಟನ್ನೂ ಅವರು ಕೈ ಆಡಿಸಿಕೊಂಡು, ಗೋಡೆಗೆ ಬಣ್ಣ ಹಚ್ಚುವುದನ್ನು ವಿವರಿಸುವವರಷ್ಟು ಆರಾಮಾಗಿ ಹೇಳುತ್ತಿದ್ದರು. ವೀರಗಾಥೆ ಕೇಳಲು ಬಂದ ಹುಡುಗರು ಸ್ವಲ್ಪ ಹೊತ್ತಿಗೆ ಆಕಳಿಸಲು ಶುರು ಮಾಡುತ್ತಿದ್ದರು.

ಅವರಿಗೆ ಯುದ್ಧಕ್ಕಿಂತ ಜಾಸ್ತಿ ನೆನಪಿದ್ದದ್ದು ಯುದ್ಧ ಮುಗಿದ ಮೇಲಿನ ತಿಂಗಳುಗಳು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ ಆಯಿತು, ಮರುದಿನ ಪಶ್ಚಿಮದಲ್ಲೂ ಗುಂಡು ನಿಂತಿತು. ದೇಶ ಹಬ್ಬ ಮಾಡಿತು. ಆದರೆ ಹೂತ ಮೈನ್‌ಗಳಿಗೆ ಕದನವಿರಾಮ ಗೊತ್ತಾಗುವುದಿಲ್ಲವಲ್ಲ. ನಮ್ಮವರೇ ಹೂತದ್ದನ್ನು ನಮ್ಮವರೇ ತೆಗೆಯಬೇಕು. ಎಲ್ಲಿ ಹೂತಿದ್ದೇವೆ ಅಂತ ನಕ್ಷೆ ಬರೆದಿಟ್ಟಿರುತ್ತಾರೆ. ಆ ನಕ್ಷೆ ಸರಿ ಇದ್ದರೆ ಕೆಲಸ ಸುಲಭ. ಬರೆದವನು ಸುಸ್ತಾಗಿ, ಅವಸರದಲ್ಲಿ, ಒಂದು ಸಾಲು ತಪ್ಪು ಎಣಿಸಿದ್ದರೆ ಅದನ್ನು ಕೈಯಲ್ಲಿ ಹಿಡಿದು ಹೋದವನು ವಾಪಸ್ ಬರುವ ಖಾತರಿ ಇಲ್ಲ. ಅಪ್ಪನ ಜೊತೆ ಸೆಂಟರ್‌ನಲ್ಲಿ ತರಬೇತಿ ಮಾಡಿದ ಒಬ್ಬರು ಸತ್ತದ್ದು ಯುದ್ಧದಲ್ಲಿ ಅಲ್ಲ, ಈ ಮೈನ್ ತೆಗೆಯುವ ಕೆಲಸದಲ್ಲಿ. ಬರೆದಿಟ್ಟ ಕಾಗದ ಸರಿಯಾಗಿರಬೇಕು ಅನ್ನುವ ಅವರ ಹಟ ಎಲ್ಲಿಂದ ಬಂತು ಅಂತ ನಾನು ಯೋಚಿಸಿದಾಗೆಲ್ಲ ಇಲ್ಲಿಗೇ ಬಂದು ನಿಲ್ಲುತ್ತೇನೆ. ಅವರು ಹಾಗೆ ಯಾವತ್ತೂ ಹೇಳಿದವರಲ್ಲ. ಇದು ನನ್ನ ಊಹೆ.

ಮನೆಯ ವಿಷಯಕ್ಕೆ ಬರುತ್ತೇನೆ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? ಮೂರು ತಿಂಗಳು! ಆದರೆ ಅದು ಸಿಗುವುದು ಯೂನಿಟ್‌ನ ಪರಿಸ್ಥಿತಿ ನೋಡಿಕೊಂಡು. ಸಿಕ್ಕರೂ ನಿಮಗೆ ಬೇಕಾದ ತಿಂಗಳಲ್ಲಿ ಸಿಗುವುದಿಲ್ಲ. ಮಗುವಿನ ಹೆರಿಗೆಗೆ ಅಂತ ಕೇಳಿದ ರಜೆ ಮಗು ಕವುಚಿಕೊಳ್ಳುವ ಹೊತ್ತಿಗೆ ಮಂಜೂರಾಗುತ್ತದೆ. ಫೀಲ್ಡ್ ಪೋಸ್ಟಿಂಗ್, ಅಂದರೆ ಗಡಿಯಂಥ ಕಡೆಗೆ ವರ್ಗ ಆದರೆ ಸಂಸಾರ ಕರೆದುಕೊಂಡು ಹೋಗುವ ಹಾಗಿಲ್ಲ. ಪೀಸ್ ಸ್ಟೇಷನ್‌ಗೆ, ಅಂದರೆ ಒಳನಾಡಿನ ಕಂಟೋನ್ಮೆಂಟ್‌ಗೆ ಬಂದರೆ ಕ್ವಾರ್ಟರ್ಸ್‌ಗೆ ಸರದಿ ಕಾಯಬೇಕು. ಸರದಿ ಬಂದು, ಅಕ್ಕನನ್ನೂ ನನ್ನನ್ನೂ ಕೇಂದ್ರೀಯ ವಿದ್ಯಾಲಯಕ್ಕೆ ಸೇರಿಸಿ, ಸ್ವಲ್ಪ ಹಿಂದಿ ಬಾಯಿಗೆ ಹತ್ತುವಷ್ಟರಲ್ಲಿ ಮತ್ತೆ ಫೀಲ್ಡ್. ನಾವು ಟ್ರಂಕು, ಹೋಲ್ಡಾಲು ಹೊತ್ತು ವಾಪಸ್.

ರಜೆಗೆ ಬಂದ ಮೊದಲ ಎರಡು ದಿನ ಅಪ್ಪ ನೆಂಟರ ಹಾಗೆ ಇರುತ್ತಿದ್ದರು. ಯಾವ ಸಾಮಾನು ಎಲ್ಲಿದೆ ಅಂತ ಅಮ್ಮನನ್ನು ಕೇಳಿ ತೆಗೆದುಕೊಳ್ಳುತ್ತಿದ್ದರು. ಮೂರನೇ ದಿನ ಧೈರ್ಯ ಬರುತ್ತಿತ್ತು. ಬೆಳಿಗ್ಗೆ ಐದಕ್ಕೆ ನಮ್ಮನ್ನು ಎಬ್ಬಿಸುವುದು, ಹಾಸಿಗೆ ಮಡಿಸುವುದನ್ನು ಪರೀಕ್ಷೆ ಮಾಡುವುದು ಶುರು. ಅಮ್ಮ ಒಂದು ದಿನ ನೋಡುತ್ತಿದ್ದಳು, ಎರಡನೇ ದಿನ ಹೇಳುತ್ತಿದ್ದಳು: "ರೀ, ಇದು ನಿಮ್ಮ ಕಂಪನಿ ಅಲ್ಲ. ಇಲ್ಲಿ ಸುಬೇದಾರ್ ನಾನು." ಅಪ್ಪ ಸುಮ್ಮನೆ ಹೋಗಿ ಪೇಪರ್ ಓದುತ್ತಿದ್ದರು. ಮಿಲಿಟ್ರಿಯವರ ಮನೆ ಅಂದರೆ ಅಪ್ಪನ ಶಿಸ್ತಿಗೆ ಎಲ್ಲರೂ ನಡುಗುತ್ತಿರುತ್ತಾರೆ ಅಂತ ಜನ ಅಂದುಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ನಡುಗಿಸುತ್ತಿದ್ದವಳು ಅಮ್ಮ. ನಡುಗಿಸದೆ ಇನ್ನೇನು ಮಾಡಿಯಾಳು? ಒಬ್ಬಳೇ ಎಲ್ಲವನ್ನೂ ನಡೆಸಬೇಕಿತ್ತು. ಗಂಡ ದೇಶ ಕಾಯುತ್ತಾನೆ ಅನ್ನುವವರು ಹೆಂಡತಿ ಏನು ಕಾಯುತ್ತಾಳೆ ಅಂತ ಕೇಳುವುದಿಲ್ಲ. ಅಪ್ಪನಿಗೆ ಮಾತ್ರ ಅದು ಚೆನ್ನಾಗಿ ಗೊತ್ತಿತ್ತು. ರಜೆಯಲ್ಲಿ ಅವರು ಮನೆಯ ಯಾವ ತೀರ್ಮಾನವನ್ನೂ ಬದಲಾಯಿಸಿದ್ದು ನನಗೆ ನೆನಪಿಲ್ಲ.

ಉಳಿದ ತಿಂಗಳುಗಳು ಕಾಗದದಲ್ಲಿ. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಆಮೇಲೆ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿಯ ನಂಬರ್. ಪೂರ್ವದ ಕಡೆ ಇದ್ದರೆ 99 ಎಪಿಒ. ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಗಂಡ ಹಿಮದಲ್ಲಿ ಇದ್ದಾನೋ ಮರಳಿನಲ್ಲಿ ಇದ್ದಾನೋ ಹೆಂಡತಿಗೆ ಗೊತ್ತಾಗದ ಹಾಗೆ ಮಾಡಿದ ಏರ್ಪಾಡು. ಅಪ್ಪ ಪ್ರತಿ ಇನ್‌ಲ್ಯಾಂಡ್ ಲೆಟರ್‌ನ ಮೂಲೆಯಲ್ಲಿ ನಂಬರ್ ಹಾಕುತ್ತಿದ್ದರು. ಅಮ್ಮನಿಗೂ ಹಾಕಲು ಹೇಳಿಕೊಟ್ಟಿದ್ದರು. ದಾರಿಯಲ್ಲಿ ಒಂದು ಕಳೆದುಹೋದರೆ ಗೊತ್ತಾಗಬೇಕಲ್ಲ. "ನಿನ್ನ 9ನೇ ಕಾಗದ ಬರಲಿಲ್ಲ, 10 ಬಂದಿದೆ, 9ರಲ್ಲಿ ಏನಿತ್ತು?" ಅಂತ ಬರೆದಿರುತ್ತಿದ್ದರು. ಅಮ್ಮ, "ಜಗಳ ಇತ್ತು, ಕಳೆದುಹೋಗಿದ್ದು ಒಳ್ಳೆಯದೇ ಆಯಿತು" ಅಂತ ಬರೆದಿದ್ದಳು. ಈ ಕಾಗದಗಳನ್ನೆಲ್ಲ ಈಗ ಓದುತ್ತಿದ್ದೇನೆ. ಪ್ರೇಮಪತ್ರ ಅಂತ ಹೇಳುವಂಥದ್ದು ಒಂದೂ ಇಲ್ಲ. ಅಕ್ಕನಿಗೆ ಲಸಿಕೆ ಹಾಕಿಸಿದೆಯಾ, ಮನಿಯಾರ್ಡರ್ ಯಾವ ತಾರೀಕಿಗೆ ಬಂತು, ಮಾಡು ಸೋರುವುದು ನಿಂತಿತಾ. ಪ್ರಶ್ನೆಗಳಿಗೂ ನಂಬರ್. ಅಮ್ಮನ ಉತ್ತರಗಳಿಗೂ ಅದೇ ನಂಬರ್. ಒಂದು ಕಾಗದದಲ್ಲಿ ಮಾತ್ರ, ಆರು ಪ್ರಶ್ನೆ ಮುಗಿದ ಮೇಲೆ, ಏಳನೆಯದಾಗಿ "ನೀನು ಹೇಗಿದ್ದೀಯ" ಅಂತ ಇದೆ. ಅಮ್ಮ ಅದಕ್ಕೆ ಉತ್ತರ ಬರೆದಳೋ ಇಲ್ಲವೋ, ಆ ಕಾಗದ ಸಿಕ್ಕಿಲ್ಲ. ಕೇಳಿದರೆ "ನೆನಪಿಲ್ಲ ಹೋಗೋ" ಅನ್ನುತ್ತಾಳೆ.

ಶ್ರೀಲಂಕಾದ ಕಾಲ ಬೇರೆ. 1987ರ ಜುಲೈಯಿಂದ 1990ರ ಮಾರ್ಚ್‌ವರೆಗೆ ನಮ್ಮ ಶಾಂತಿಪಾಲನಾ ಪಡೆ ಅಲ್ಲಿತ್ತು. ಸುಮಾರು 1,200 ಮಂದಿ ಭಾರತೀಯ ಸೈನಿಕರು ಅಲ್ಲಿ ಸತ್ತರು. ಅಪ್ಪ ಅಷ್ಟು ಹೊತ್ತಿಗೆ ಹವಾಲ್ದಾರ್. ರಸ್ತೆಯಲ್ಲಿ ಹೂತ ಬಾಂಬ್ ಹುಡುಕುವುದು ಅಂದರೆ ಮತ್ತೆ ಸ್ಯಾಪರ್‌ಗಳ ಕೆಲಸವೇ. ಕಾಗದ ತಡವಾಗುತ್ತಿತ್ತು, ಕೆಲವೊಮ್ಮೆ ಎರಡು ಮೂರು ಒಟ್ಟಿಗೆ ಬರುತ್ತಿದ್ದವು. ಅಮ್ಮ ಆಕಾಶವಾಣಿಯ ವಾರ್ತೆ ಶುರುವಾದರೆ ನಮ್ಮನ್ನು ಆಡಲು ಹೊರಗೆ ಕಳಿಸುತ್ತಿದ್ದಳು. ಆ ಯುದ್ಧ ಯಾಕೆ, ಯಾರಿಗಾಗಿ ಅಂತ ಇವತ್ತಿಗೂ ಜನ ವಾದ ಮಾಡುತ್ತಾರೆ. ವಾಪಸ್ ಬಂದವರಿಗೆ 1971ರಲ್ಲಿ ಸಿಕ್ಕಂಥ ಸ್ವಾಗತ ಸಿಗಲಿಲ್ಲ. ಅಪ್ಪ ಆ ದಿನಗಳ ಮೈನ್ ಬಗ್ಗೆಯೂ ಮಾತಾಡುತ್ತಿರಲಿಲ್ಲ. ಕೊಲಂಬೋ ಹತ್ತಿರ ಅಲ್ಲಿನ ಸರ್ಕಾರವೇ ಒಂದು ಸ್ಮಾರಕ ಕಟ್ಟಿದೆ ಅಂತ ಪೇಪರ್‌ನಲ್ಲಿ ಓದಿದಾಗ ಆ ತುಂಡು ಕತ್ತರಿಸಿ ಫೈಲಿಗೆ ಹಾಕಿದರು, ಅಷ್ಟೇ.

ಅಪ್ಪನ ಪದಕಗಳ ಬಗ್ಗೆ ಒಂದು ಮಾತು, ಯಾಕೆಂದರೆ ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ವಿದೇಶ್ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, ದೀರ್ಘ ಸೇವೆಗೆ 9 ವರ್ಷದ್ದು, 20 ವರ್ಷದ್ದು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನಂಬರ್, ಹೆಸರು ಕೊರೆದಿರುತ್ತದೆ. ನೆಂಟರೊಬ್ಬರು ಒಮ್ಮೆ ಕೇಳಿದರು, "ಇದರಲ್ಲಿ ಶೌರ್ಯಕ್ಕೆ ಕೊಟ್ಟಿದ್ದು ಯಾವುದು?" ಅಪ್ಪ ಒಂದೊಂದನ್ನೇ ಮುಟ್ಟಿ ಹೇಳಿದರು: "ಇದು ಅಲ್ಲಿ ಇದ್ದಿದ್ದಕ್ಕೆ. ಇದು ಅಲ್ಲಿಗೆ ಹೋಗಿದ್ದಕ್ಕೆ. ಇದು ಬಿಟ್ಟು ಬರದೇ ಇದ್ದಿದ್ದಕ್ಕೆ." ನೆಂಟರಿಗೆ ನಿರಾಸೆ ಆಯಿತು. ನಮ್ಮ ಸೈನ್ಯದಲ್ಲಿ ಬಹುಪಾಲು ಜವಾನರ ಎದೆಯ ಮೇಲೆ ಇರುವುದು ಇಂಥ ಪದಕಗಳೇ. ಇದ್ದಿದ್ದಕ್ಕೆ, ಹೋಗಿದ್ದಕ್ಕೆ, ಬಿಟ್ಟು ಬರದಿದ್ದಕ್ಕೆ.

1991ರಲ್ಲಿ ನಿವೃತ್ತಿ. ಆಗ ಅಪ್ಪನಿಗೆ ಬರೀ 42 ವರ್ಷ. ಬೇರೆ ನೌಕರಿಯವರು ಬಡ್ತಿಯ ಕನಸು ಕಾಣುವ ವಯಸ್ಸಿಗೆ ಇವರು ಪಿಂಚಣಿದಾರರು. ಮಕ್ಕಳ ಓದು ಮುಂದೆ ಇತ್ತು. ತುಂಬಾ ಜನ ಮಾಜಿ ಸೈನಿಕರ ಹಾಗೆ ಅಪ್ಪನೂ ಬ್ಯಾಂಕಿನಲ್ಲಿ ಗಾರ್ಡ್ ಆದರು. ಹತ್ತಾರು ಜನರನ್ನು ನಡೆಸಿದವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತರಲ್ಲ ಅಂತ ನನಗೆ ಆಗ ಒಳಗೊಳಗೇ ಸಂಕಟ. ಅವರಿಗೆ ಇರಲಿಲ್ಲ. ಸಂಜೆ ಆದರೆ ಮನೆಗೆ ಬರುವ ಕೆಲಸ ಅವರಿಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು.

ದಿನಾ ಮನೆಯಲ್ಲಿ ಇರುವ ಗಂಡನಿಗೆ ಹೊಂದಿಕೊಳ್ಳಲು ಅಮ್ಮನಿಗೆ ಕಷ್ಟ ಆಯಿತು. ಇದನ್ನು ಯಾರೂ ಹೇಳುವುದಿಲ್ಲ. ಹದಿನಾರು ವರ್ಷ ಒಬ್ಬಳೇ ನಡೆಸಿದ ಮನೆ, ಅದರದ್ದೇ ಲೆಕ್ಕ, ಅದರದ್ದೇ ದಾರಿ. ಈಗ ಪ್ರತಿ ವಿಷಯಕ್ಕೂ ಇನ್ನೊಂದು ಅಭಿಪ್ರಾಯ. ಸುಮಾರು ಒಂದು ವರ್ಷ ಇಬ್ಬರೂ ಜಾಸ್ತಿ ಜಗಳ ಆಡಿದರು. ಆಮೇಲೆ ಅಪ್ಪ ತಾವೇ ತಮ್ಮ ಕೆಲಸ ಗೊತ್ತು ಮಾಡಿಕೊಂಡರು. ಬಟ್ಟೆ ಇಸ್ತ್ರಿ, ನೀರು ತುಂಬಿಸುವುದು, ಆಸ್ಪತ್ರೆ, ಕಾಗದಪತ್ರ. ಅಮ್ಮನ ಅಮ್ಮ ಹಾಸಿಗೆ ಹಿಡಿದು ನಮ್ಮ ಮನೆಯಲ್ಲಿ ಇದ್ದಾಗ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದವರು ಅಪ್ಪ. ಸ್ವಂತ ಗಂಡುಮಕ್ಕಳು ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದರು. ಸರ್ಟಿಫಿಕೇಟ್ ಕೇಳಿದ ಅಳಿಯ ಪ್ರತಿದಿನ ಬೆಳಿಗ್ಗೆ ಬಿಸಿನೀರು, ಹತ್ತಿ, ಬ್ಯಾಂಡೇಜ್ ಸಾಲಾಗಿ ಜೋಡಿಸಿಕೊಂಡು ಕೂರುತ್ತಿದ್ದ. ತಾತ ಇದ್ದಿದ್ದರೆ ಏನು ಅನ್ನುತ್ತಿದ್ದರೋ.

2003ರ ಏಪ್ರಿಲ್‌ನಲ್ಲಿ ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಅನ್ನುವ ವೈದ್ಯಕೀಯ ಯೋಜನೆ ಬಂತು. ಅಪ್ಪ ತಾವೂ ಸೇರಿದರು, ಗೊತ್ತಿದ್ದ ಎಲ್ಲ ಮಾಜಿ ಸೈನಿಕರಿಂದಲೂ ಅರ್ಜಿ ತುಂಬಿಸಿದರು. ಹಾಗೆ ಶುರುವಾದದ್ದು ನಿಲ್ಲಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆ ಅರ್ಧ ಆಫೀಸಾಯಿತು. 'ಒಂದು ರ‍್ಯಾಂಕ್ ಒಂದು ಪಿಂಚಣಿ' 2014ರ ಜುಲೈ 1ರಿಂದ ಜಾರಿ ಅಂತ 2015ರ ನವೆಂಬರ್‌ನಲ್ಲಿ ಆದೇಶ ಬಂದಾಗ ಹಳಬರೆಲ್ಲ ತಮ್ಮ ಪಾಸ್‌ಬುಕ್ ಹಿಡಿದು ಬಂದರು. ಒಂದೇ ರ‍್ಯಾಂಕ್, ಒಂದೇ ಸರ್ವಿಸ್ ಇದ್ದವರಿಗೆ ಯಾವ ವರ್ಷ ನಿವೃತ್ತಿಯಾದರೂ ಒಂದೇ ಪಿಂಚಣಿ, ಇದು ಅದರ ತಿರುಳು. ಬಾಕಿ ಎಷ್ಟು ಬರಬೇಕು ಅಂತ ಅಪ್ಪ ಪಟ್ಟಿ ನೋಡಿ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿ ಕೊಡುತ್ತಿದ್ದರು.

ಗಂಡಸರಿಗಿಂತ ಜಾಸ್ತಿ ಬರುತ್ತಿದ್ದವರು ಗಂಡ ತೀರಿಕೊಂಡ ಹೆಂಗಸರು. ಅವರ ಕಥೆಗಳಲ್ಲಿ ಬಹುಪಾಲು ಒಂದೇ. ದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಹುಟ್ಟಿದ ತಾರೀಕು ಇಲ್ಲ, ಇಲ್ಲವೇ ಮದುವೆಯೇ ಆರ್ಡರ್ ಆಗಿಲ್ಲ. ಹಳೇ ಪಿಪಿಒ, ಅಂದರೆ ಪಿಂಚಣಿ ಆದೇಶಗಳಲ್ಲಿ ಹೆಂಡತಿಯ ಹೆಸರೇ ಇಲ್ಲದ್ದೂ ಉಂಟು. ಗಂಡ ಬದುಕಿದ್ದಾಗ ಒಂದು ಅರ್ಜಿಯಲ್ಲಿ ಸರಿಹೋಗುವುದು, ಸತ್ತ ಮೇಲೆ ವರ್ಷಗಟ್ಟಲೆ ಎಳೆಯುತ್ತದೆ. ಅಪ್ಪನ ಕಂಪನಿಯಲ್ಲೇ ಇದ್ದ ಒಬ್ಬರ ಹೆಂಡತಿ, ಅಫಿಡವಿಟ್ ಮೇಲೆ ಅಫಿಡವಿಟ್ ಮಾಡಿಸಿ, ಒಂದು ಆಫೀಸಿನವರು ಇನ್ನೊಂದಕ್ಕೆ ಕಳಿಸುತ್ತಾ, ತಾನು ತನ್ನ ಗಂಡನ ಹೆಂಡತಿಯೇ ಅಂತ ಸಾಬೀತು ಮಾಡುವಷ್ಟರಲ್ಲಿ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದವು. ಆ ಅಮ್ಮ ಬಂದು ಹೋದ ದಿನ ಮಾತ್ರ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಆಫೀಸಿನವರ ಮೇಲಲ್ಲ, ಸತ್ತ ಗೆಳೆಯನ ಮೇಲೆ. "ಗುಂಡಿಗೆ ಎದೆ ಕೊಡೋಕೆ ಗೊತ್ತು, ಒಂದು ಫಾರಂ ತುಂಬೋಕೆ ಗೊತ್ತಿಲ್ಲ ಇವರಿಗೆ."

ನಿಮ್ಮ ಮನೆಯಲ್ಲೂ ಮಾಜಿ ಸೈನಿಕರು ಇದ್ದರೆ, ಇವತ್ತೇ ಒಂದು ಸಲ ಆ ಪಿಪಿಒ ತೆಗೆದು ನೋಡಿ. ಅಮ್ಮನ ಹೆಸರು, ಹುಟ್ಟಿದ ತಾರೀಕು ಆಧಾರ್‌ಗೆ ಹೊಂದುತ್ತದಾ? ಬ್ಯಾಂಕ್ ಖಾತೆ ಜಂಟಿಯಾಗಿ ಇದೆಯಾ? ಮನೆಯಲ್ಲಿ ಅಂಗವಿಕಲ ಮಗು ಇದ್ದರೆ ಅದರ ವಿವರ ದಾಖಲೆಗೆ ಹೋಗಿದೆಯಾ? ಈಗ ಎಲ್ಲ 'ಸ್ಪರ್ಶ್' ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ವಿಷಯ. ಗಂಡ ಹೋದ ಮೇಲೆ ಪಿಂಚಣಿಯಲ್ಲಿ ಅರ್ಧ ಬರುತ್ತದೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಸಾಮಾನ್ಯ ಕುಟುಂಬ ಪಿಂಚಣಿ ಸಂಬಳದ ಲೆಕ್ಕದಲ್ಲಿ ಶೇ 30. ಪಿಂಚಣಿದಾರರು 67 ವರ್ಷಕ್ಕೆ ಮುಂಚೆ ತೀರಿಕೊಂಡರೆ ಸ್ವಲ್ಪ ಕಾಲ ಶೇ 50 ಸಿಗುತ್ತದೆ, ಹೆಚ್ಚೆಂದರೆ ಏಳು ವರ್ಷ. ಅಪ್ಪ ಇದನ್ನು ಅಮ್ಮನಿಗೆ ಬದುಕಿದ್ದಾಗಲೇ ವಿವರಿಸಿದ್ದರು. "ನೀವು ಸಾಯೋ ಲೆಕ್ಕ ನನಗೆ ಯಾಕ್ರೀ ಹೇಳ್ತೀರ" ಅಂತ ಅಮ್ಮ ರೇಗಿದ್ದಳು. ಅವರು ಬಿಡದೆ ಪೂರ್ತಿ ಹೇಳಿ ಮುಗಿಸಿದರು.

ಅಮ್ಮನ ಕುಟುಂಬ ಪಿಂಚಣಿ ತಕರಾರಿಲ್ಲದೆ ಆಯಿತು. ಮರಣ ಪ್ರಮಾಣಪತ್ರ, ಒಂದು ಅರ್ಜಿ, ಅಷ್ಟೇ. 1975ರ ಆ ಆರ್ಡರ್‌ನಲ್ಲಿ ಇದ್ದ ಹೆಸರೂ, ಇವತ್ತಿನ ಆಧಾರ್‌ನಲ್ಲಿ ಇರುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ.

ಅಪ್ಪನ ಮೊಬೈಲನ್ನು ನಾವು ನಿಲ್ಲಿಸಿಲ್ಲ, ಯಾಕೆಂದರೆ ಜನ ಇನ್ನೂ ಫೋನ್ ಮಾಡುತ್ತಾರೆ. ಮೊದಮೊದಲು ನಾನು ಎತ್ತಿ, ಅಪ್ಪ ಇಲ್ಲ ಅಂತ ಹೇಳುತ್ತಿದ್ದೆ. ಈಗ ಅದು ಅಮ್ಮನ ಹತ್ತಿರ ಇದೆ. ಮೊನ್ನೆ ಒಬ್ಬಾಕೆ ಫೋನ್ ಮಾಡಿ, ಗಂಡ ಹೋಗಿ ತಿಂಗಳಾಯಿತು ಅಂತ ಅಳಲು ಶುರು ಮಾಡಿದರು. ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಅಂದಳು: "ಆಯ್ತಮ್ಮ. ಮೊದಲು ಡಿಸ್ಚಾರ್ಜ್ ಬುಕ್, ಪಿಪಿಒ ಎರಡೂ ತಗೊಂಡು ಮನೆಗೆ ಬಾ. ಎರಡೆರಡು ಜೆರಾಕ್ಸ್ ಇರಲಿ. ಅಳೋದು ಇಬ್ಬರೂ ಆಮೇಲೆ ಕೂತ್ಕೊಂಡು ಅಳೋಣ."